ಮಠದ ಮೂಲೆಯಲ್ಲಿ ಕೂತವನು

ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಚನ್ನಬಸವ್ವ ಒಂದು ತೊಡೆಯ ಮೂಳೆಯನ್ನು ಕಪ್ಪು ಸ್ಪಂಜು ಹಾಸಿದ ಮೇಜಿನ ಮೇಲಿಟ್ಟು ಪಕ್ಕದ ನಕ್ಷೆಯನ್ನು ನೋಡುತ್ತಿದ್ದರು. ನಕ್ಷೆ ನಲವತ್ತು ವರ್ಷ ಹಳೆಯದು. ಅಗೆದ ಜಾಗದಲ್ಲೇ ಯಾರೋ ವಿದ್ಯಾರ್ಥಿ ಪೆನ್ಸಿಲಿನಲ್ಲಿ ಬರೆದದ್ದು. ಒಂದು ಗೋರಿಯ ನೆಲ. ಅದರ ವಾಯವ್ಯ ಮೂಲೆಯಲ್ಲಿ ಒಬ್ಬ ಮನುಷ್ಯನ ಮೂಳೆಗಳು ಒತ್ತಾಗಿ ಬಿದ್ದಿದ್ದವು. ಕೆಳಗೆ ಸೊಂಟದ ಮೂಳೆ, ಎರಡು ಬದಿಗೆ ಅಗಲವಾಗಿ ಚಾಚಿದ ತೊಡೆಯ ಮೂಳೆಗಳು, ನಡುವೆ ಬೆನ್ನಿನ ಮಣಿಗಳು, ಎಲ್ಲದರ ಮೇಲೆ ಬುರುಡೆ. ಅವರು ಸ್ವಲ್ಪ ಹೊತ್ತು ನೋಡಿ, ಯಾರಿಗೂ ಅಲ್ಲ ಎಂಬಂತೆ, ಕನ್ನಡದಲ್ಲಿ ಅಂದರು: "ಇಂವಾ ಕುಂತಾನ."

ಆ ಲ್ಯಾಬು ಬರ್ಕ್ಲಿಯ ಪಶ್ಚಿಮಕ್ಕೆ, ರೈಲು ಹಳಿಯ ಪಕ್ಕದ ಗೋದಾಮುಗಳ ಸಾಲಿನಲ್ಲಿದೆ. ಹಳೆಯ ಉತ್ಖನನಗಳಿಂದ ಬಂದು, ವರದಿಯಾಗದೆ ಉಳಿದುಹೋದ ವಸ್ತುಗಳನ್ನು ವಿಂಗಡಿಸಿ, ವಿವರ ಬರೆದು, ಅವುಗಳ ಊರಿಗೆ ಮರಳಿಸುವುದು ಅಲ್ಲಿನ ಕೆಲಸ. ಆ ವರ್ಷ ಮೇಜಿಗೆ ಬಂದದ್ದು ಜೋರ್ಡನ್ ನದಿಯ ಪೂರ್ವದ ಗುಡ್ಡಗಳಲ್ಲಿ ಅಗೆದ ಒಂದು ಸಣ್ಣ ಕ್ರೈಸ್ತ ಮಠ. ಬೈಜಾಂಟೈನ್ ಅರಸರ ಕಾಲದ್ದು, ಹೆಚ್ಚೂ ಕಡಿಮೆ ಸಾವಿರದ ನಾನೂರು ವರ್ಷ ಹಿಂದಿನದು. ಹೆಸರಾದ ಜಾಗವಲ್ಲ. ಒಂದು ಪ್ರಾರ್ಥನಾ ಮಂದಿರ, ಆರು ಕೋಣೆ, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ, ದ್ರಾಕ್ಷಿ ತುಳಿಯುವ ಕಲ್ಲಿನ ಬಾನಿ, ಸುತ್ತ ಒಂದು ಗೋಡೆ. ಮಂದಿರದ ನೆಲದ ಕೆಳಗೆ ಒಂದೇ ಗೋರಿ. ಅಲ್ಲಿ ಬಾಳಿ ಸತ್ತ ಸನ್ಯಾಸಿಗಳೆಲ್ಲ ಅದರೊಳಗೇ. ಅಗೆದ ಪ್ರೊಫೆಸರು ಬರೆಯುವ ಮೊದಲೇ ತೀರಿಕೊಂಡರು. ಪೆಟ್ಟಿಗೆಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುತ್ತ ಉಳಿದವು. ಈಗ ಆ ಕಡೆಯ ಚರ್ಚಿನವರು ಕೇಳಿದ್ದರು: ನಮ್ಮ ಸತ್ತವರನ್ನು ನಮಗೆ ಕೊಡಿ, ಮತ್ತೆ ಮಣ್ಣು ಮಾಡುತ್ತೇವೆ. ಜುಲೈ ಕೊನೆಗೆ ಪೆಟ್ಟಿಗೆಗಳು ಹೊರಡಬೇಕಿತ್ತು. ಅಷ್ಟರಲ್ಲಿ ಒಳಗೆ ಎಷ್ಟು ಜನ ಇದ್ದಾರೆ, ಅವರನ್ನು ಹೇಗೆ ಹೂಳಲಾಗಿತ್ತು ಎಂದು ಬರೆದುಕೊಡುವ ಕೆಲಸ ಚನ್ನಬಸವ್ವನವರ ಪಾಲಿಗೆ ಬಂದಿತ್ತು.

ಚನ್ನಬಸವ್ವ ಬೈಲಹೊಂಗಲದ ಕಡೆಯವರು. ಧಾರವಾಡದಲ್ಲಿ ಮಾನವಶಾಸ್ತ್ರ ಓದಿ, ಮದುವೆಯಾಗಿ, ಗಂಡ ಶ್ರೀಕಂಠರ ಜೊತೆ ಕ್ಯಾಲಿಫೋರ್ನಿಯಾದ ಡಬ್ಲಿನ್‌ಗೆ ಬಂದರು. ಮಗಳು ಐಶ್ವರ್ಯಾ ಸ್ಕೂಲಿಗೆ ಹೋಗುವವರೆಗೆ, ಬೇರೆಯವರ ಮಕ್ಕಳನ್ನೂ ಸೇರಿಸಿಕೊಂಡು ಮನೆಯಲ್ಲೇ ಡೇಕೇರ್ ನಡೆಸಿದರು. ನಲವತ್ತು ದಾಟಿದ ಮೇಲೆ ಈ ಲ್ಯಾಬಿಗೆ ಸೇರಿದರು. ಮೊದಲು ಪೆಟ್ಟಿಗೆ ಎತ್ತಿಡುವ ಕೆಲಸ, ಆಮೇಲೆ ಮಡಕೆ ಚೂರು, ಆಮೇಲೆ ಮೂಳೆ. ತೆಳ್ಳಗಾದ ಪಕ್ಕೆಲುಬನ್ನು ಎತ್ತುವಾಗ ಪುಡಿ ಹಾರಬಾರದೆಂದು ಅವರು ಉಸಿರು ಹಿಡಿಯುತ್ತಿದ್ದರು. ಮುಖ್ಯಸ್ಥೆ ರೂತ್ ಹಾಲ್ವರ್ಸನ್ ಹೊಸಬರು ಬಂದಾಗ ಮಾತಿನಲ್ಲಿ ಹೇಳಿಕೊಡುವ ಬದಲು ಇವರ ಮೇಜಿನ ಪಕ್ಕ ನಿಲ್ಲಿಸುತ್ತಿದ್ದರು.

ಮನೆಯಲ್ಲಿ ಅವರು ಆ ಜಾಗವನ್ನು ಮಠ ಎನ್ನುತ್ತಿದ್ದರು. ಕನ್ನಡದಲ್ಲಿ ಬೇರೆ ಪದ ಹುಡುಕುವ ಅಗತ್ಯ ಕಾಣಲಿಲ್ಲ. ಪದದ ಹಿಂದೆ ಇನ್ನೂ ಏನೇನೋ ಒಳಗೆ ಬಂದುಬಿಡುತ್ತದೆ ಎಂಬುದು ಅವರಿಗೆ ಆಗ ಹೊಳೆಯಲಿಲ್ಲ.

ತಾಯಿ ಈರವ್ವ ಹದಿನಾಲ್ಕು ವರ್ಷದಿಂದ ಅವರ ಜೊತೆಗಿದ್ದರು. ಎಪ್ಪತ್ತೊಂಬತ್ತು ವಯಸ್ಸು, ಹೃದಯ ಸೋತಿತ್ತು, ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಇನ್ನೊಂದು ವರ್ಷ ಎಂದು ಡಾಕ್ಟರು ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಈರವ್ವನವರಿಗೂ. ಅವರು ದಿನವೆಲ್ಲ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಮಗಳು ಬರುವುದನ್ನು ಕಾಯುತ್ತಿದ್ದರು. ಮಗಳು ಬಂದು ಬ್ಯಾಗು ಇಡುವ ಮೊದಲೇ ಪ್ರಶ್ನೆ: ಇವತ್ತು ಮಠದ ಸುದ್ದಿ ಏನು? ಆರು ಕೋಣೆಗೆ ಕಸ ಹೊಡೆಯುತ್ತಿದ್ದವರು ಯಾರು, ಮಠಕ್ಕೆ ಹೊಲ ಇತ್ತೋ ಇಲ್ಲವೋ, ಬಂದವರಿಗೆ ಊಟ ಹಾಕುತ್ತಿದ್ದರೋ ಇಲ್ಲವೋ, ಎಲ್ಲ ಬೇಕಿತ್ತು. ದ್ರಾಕ್ಷಿ ತುಳಿದು ಮದ್ಯ ಮಾಡುವ ಬಾನಿಯ ಸುದ್ದಿ ಮಾತ್ರ ಹಿಡಿಸಲಿಲ್ಲ.

"ಸೆರೆ ಮಾಡೂದು ಎಂಥಾ ಮಠಾನ ಅದು?"

"ಪೂಜಾಕ್ಕ ಸ್ವಲ್ಪ ಬೇಕಾಗತೈತಿ ಅವ್ವಾ ಅವರಿಗೆ."

"ಸ್ವಲ್ಪಕ್ಕ ಅಷ್ಟ ದೊಡ್ಡ ಬಾನಿ ಬೇಕೇನು?"

ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಮೈ ಸೆಟೆಯುವ ಮೊದಲು ಕಾಲು ಮಡಚಿ ಗೋಡೆಗೆ ಕೂಡಿಸುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತಂತೆಯೇ ಕುಣಿಗೆ ಇಳಿಸಿ, ವಿಭೂತಿ, ಪತ್ರೆ, ಮಣ್ಣು ಹಾಕುತ್ತಾರೆ. ಚನ್ನಬಸವ್ವ ಒಂಬತ್ತು ವರ್ಷದವರಿದ್ದಾಗ ಊರ ಹೊರಗೆ ರಸ್ತೆ ಅಗಲ ಮಾಡಲು ಹಳೆಯ ಸ್ಮಶಾನದ ಅಂಚು ಕಡಿದರು. ಹುಡುಗಿಯರೆಲ್ಲ ಓಡಿಹೋಗಿ ನೋಡಿದ್ದರು. ಕಡಿದ ಮಣ್ಣಿನ ಗೋಡೆಯಲ್ಲಿ ಒಬ್ಬರು ಕಾಣುತ್ತಿದ್ದರು: ಕೆಳಗೆ ಸೊಂಟ, ಬದಿಗೆ ಚಾಚಿದ ತೊಡೆ, ಮಡಿಲಿಗೆ ಜಾರಿ ಬಿದ್ದ ಬುರುಡೆ. ಕೂತವರು ಮಣ್ಣಾದರೆ ಹೀಗೆ ಎಂಬುದು ಅಂದೇ ಅವರ ಕಣ್ಣಿನಲ್ಲಿ ಅಚ್ಚಾಗಿತ್ತು. ಆ ಮಂಗಳವಾರ ನಕ್ಷೆಯಲ್ಲಿ ಅವರಿಗೆ ಕಂಡದ್ದು ಅದೇ.

ರೂತ್ ನಕ್ಷೆ ನೋಡಿ, ಸಾಧ್ಯವಿದೆ ಎಂದರು. ದೊಡ್ಡ ಗುರುಗಳನ್ನು ಪೀಠದಲ್ಲಿ ಕೂಡಿಸಿ ಹೂಳಿದ ಉದಾಹರಣೆಗಳ ಬಗ್ಗೆ ಎಲ್ಲೋ ಕೇಳಿದ ನೆನಪೂ ಅವರಿಗಿತ್ತು. ಆದರೆ ಗೋರಿಯ ನೆಲದಿಂದ ತುಂಬಿ ತಂದ ಮಣ್ಣಿನ ಚೀಲಗಳನ್ನು ಇನ್ನೂ ಯಾರೂ ತೆರೆದಿರಲಿಲ್ಲ. ದೊಡ್ಡ ಮೂಳೆ ಮೊದಲು, ಮಣ್ಣು ಕೊನೆಗೆ. ಅದು ಆ ಲ್ಯಾಬಿನ ಕ್ರಮ. ಚೀಲ ಜರಡಿ ಹಿಡಿಯುವವರೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ ಎಂದರು. ಚನ್ನಬಸವ್ವ ಹಾಕಿದರು. ಕಾಗದದ ಮೇಲೆ ಮಾತ್ರ.

ಸಂಜೆ ಮನೆಯಲ್ಲಿ ಚಿಹ್ನೆ ಇರಲಿಲ್ಲ. ಮಗಳು ಹೇಳಿದ್ದು ಕೇಳಿ ಈರವ್ವ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಮಠ ಅಂದ ಮ್ಯಾಲ ಮತ್ತ ಕೂಡಸಲಾರದ ಇರತಾರೇನು?" ಎಂದರು. ಆ ಮನುಷ್ಯನ ವಯಸ್ಸೆಷ್ಟು, ಯಾವ ದಿಕ್ಕಿಗೆ ಮುಖ, ಕೈಯಲ್ಲಿ ಏನಾದರೂ ಸಿಕ್ಕಿತೋ ಎಂದೆಲ್ಲ ಕೇಳಿದರು. ಅರವತ್ತರ ಆಸುಪಾಸು, ಬಲ ಮೊಣಕಾಲ ಕೆಳಗಿನ ಮೂಳೆಯ ತುದಿ ಸವೆದಿದೆ, ಹರಡು ಅಂದರೆ ಪಾದದ ಕೀಲು ಕೆಟ್ಟಿತ್ತು, ಕುಂಟುತ್ತಿದ್ದಿರಬೇಕು ಎಂದು ಚನ್ನಬಸವ್ವ ಹೇಳಿದರು. ಊಟದ ಹೊತ್ತಿಗೆ ಅವನು ಮನೆಯ ಹಿರಿಯನಾಗಿದ್ದ. ಅಜ್ಜಿಯನ್ನು ಆಯಿ ಎನ್ನುತ್ತಿದ್ದ ಐಶ್ವರ್ಯಾ ಅವನನ್ನು "ಆಯೀಸ್ ಫ್ರೆಂಡ್" ಎಂದು ಕರೆಯಲು ಶುರುಮಾಡಿದಳು.

ಮೂರನೆಯ ದಿನ ಈರವ್ವ ತಮ್ಮ ಮಾತು ತೆಗೆದರು. ಇಷ್ಟು ವರ್ಷ ಅವರು ಏನನ್ನೂ ಕೇಳಿರಲಿಲ್ಲ. ಈ ದೇಶದಲ್ಲಿ ಆಗುವುದಿಲ್ಲ ಎಂದು ತಾವೇ ತೀರ್ಮಾನಿಸಿಕೊಂಡಿದ್ದರು. ಊರಿಗೆ ಕಳಿಸುವುದೂ ಬೇಡವಾಗಿತ್ತು. ಹೊಟ್ಟೆ ಕೊಯ್ದು, ಔಷಧ ತುಂಬಿ, ಡಬ್ಬಿಯಲ್ಲಿ ಹಾಕಿ ಸಾಮಾನಿನ ಜೊತೆ ಕಳಿಸುತ್ತಾರೆ ಎಂದು ಯಾರಿಂದಲೋ ಕೇಳಿದ್ದರು. ಈಗ ಅಂದರು: "ಅವರ ಮಂದ್ಯಾಗೂ ಕೂಡಸೂದು ಐತಿ ಅಂದ್ರ ಕೇಳಿದ್ರ ತಪ್ಪೇನು? ನನ್ನೂ ಕೂಡಸ್ರಿ."

ಹುಡುಕಾಟ ಶುರುವಾಯಿತು. ಚನ್ನಬಸವ್ವನವರ ತಮ್ಮ ಕೇದಾರ ಸ್ಯಾನ್ ಮಟಿಯೋದಲ್ಲಿ ಇಂಜಿನಿಯರು. ಮೊದಲು ಅವನು ಗೊಣಗಿದ, ಆಮೇಲೆ ಅಕ್ಕನಿಗಿಂತ ಹೆಚ್ಚು ಫೋನು ಮಾಡಿದವನೂ ಅವನೇ. ದೊಡ್ಡ ಸ್ಮಶಾನಗಳೆಲ್ಲ ಮರ್ಯಾದೆಯಿಂದ ಇಲ್ಲವೆಂದವು: ಅಲ್ಲಿ ಕುಣಿಗೆ ಕಾಂಕ್ರೀಟಿನ ಪೆಟ್ಟಿಗೆ ಇಳಿಸುತ್ತಾರೆ, ಅದರ ಅಳತೆ ಮಲಗಿದವರದ್ದು. ಕೊನೆಗೆ ಲಿವರ್ಮೋರ್ ದಾಟಿದ ಮೇಲೆ, ಗುಡ್ಡದ ಇಳಿಜಾರಿನಲ್ಲಿ, ಒಂದು ಸಂಘ ನಡೆಸುವ ಸಣ್ಣ ಸ್ಮಶಾನ ಸಿಕ್ಕಿತು. ಅಲ್ಲಿ ಪೆಟ್ಟಿಗೆ ಕಡ್ಡಾಯವಲ್ಲ, ಬರೀ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಬಹುದು. ಜಾಗ ನೋಡಿಕೊಳ್ಳುವವರು ಟೋನಿ ಸಿಲ್ವೇರಾ ಎಂಬ ಮಧ್ಯವಯಸ್ಕರು. ಅವರ ಮುತ್ತಜ್ಜ ದನ ಕಾಯಲು ಆ ಗುಡ್ಡಕ್ಕೆ ಬಂದು ಅಲ್ಲೇ ಮಣ್ಣಾದವರು. ಕೂಡಿಸಿ ಹೂಳಿದ್ದನ್ನು ತಾನು ನೋಡಿಲ್ಲ, ಆದರೆ ತನ್ನ ತಕರಾರಿಲ್ಲ, ಐದು ಜನರ ಸಮಿತಿ ಒಪ್ಪಬೇಕು ಎಂದರು.

ಚನ್ನಬಸವ್ವ ಸಮಿತಿಗೆ ಬರೆದರು. ಲಿಂಗಾಯತರ ಪದ್ಧತಿ ಏನು, ಎಷ್ಟು ಆಳ ಬೇಕು, ಊರಿನಲ್ಲಿ ಹೇಗೆ ಮಾಡುತ್ತಾರೆ ಎಂದು ಮೂರು ಪುಟ, ಚಿತ್ರ ಸಹಿತ. ಕೊನೆಗೆ, ಬೇಕಾಗಿಯೇ ಇರಲಿಲ್ಲ, ಅರ್ಧ ಪುಟ ಸೇರಿಸಿದರು: ತಾವು ಕೆಲಸ ಮಾಡುತ್ತಿರುವ ಪ್ರಾಚೀನ ಕ್ರೈಸ್ತ ಮಠದ ಗೋರಿಯಲ್ಲೂ ಒಬ್ಬ ಸನ್ಯಾಸಿಯನ್ನು ಕೂಡಿಸಿ ಹೂಳಲಾಗಿದೆ.

ಮಾರ್ಚ್ ಕೊನೆಗೆ ಸಮಿತಿ ಸೇರಿತು. ಮೂರು ಮತ ಪರ, ಎರಡು ವಿರೋಧ. ಒಪ್ಪಿಗೆ ಸಿಕ್ಕಿತು. ಸಿಲ್ವೇರಾ ಫೋನಿನಲ್ಲಿ ನಡೆದದ್ದನ್ನು ಹೇಳಿದರು. ಮೊದಲ ಮೂರು ಪುಟಗಳನ್ನು ಸಮಿತಿಯವರು ಬೇರೆ ದೇಶದ ಸುದ್ದಿಯ ಹಾಗೆ ಓದಿದರಂತೆ. ಅರ್ಧ ಪುಟಕ್ಕೆ ಬಂದಾಗ ಅಧ್ಯಕ್ಷರು, ಎಂಬತ್ತು ದಾಟಿದ, ಚರ್ಚು ತಪ್ಪಿಸದ ಮನುಷ್ಯ, ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರಂತೆ. ನಮ್ಮವರೂ ಹೀಗೆ ಮಾಡಿದ್ದಾರೆ ಎಂದರೆ ನಾವು ಬೇಡ ಅನ್ನುವುದು ಹೇಗೆ ಎಂದರಂತೆ. ಅವರ ಹಿಂದೆ ಇನ್ನಿಬ್ಬರು ಕೈ ಎತ್ತಿದರು. ಕೋಟಿಗಟ್ಟಲೆ ಜನ ಇವತ್ತಿಗೂ ಮಾಡುವುದಕ್ಕಿಂತ, ಸಾವಿರದ ನಾನೂರು ವರ್ಷ ಹಿಂದೆ ಸತ್ತ ಒಬ್ಬನ ಮಾತು ಅಲ್ಲಿ ನಡೆಯಿತು.

ಏಪ್ರಿಲ್‌ನಲ್ಲಿ ಈರವ್ವನವರನ್ನು ಜಾಗ ತೋರಿಸಲು ಕರೆದೊಯ್ದರು. ಮಳೆ ಮುಗಿದು ಗುಡ್ಡಗಳೆಲ್ಲ ಹಸಿರಾಗಿದ್ದವು; ಇನ್ನೊಂದು ತಿಂಗಳಿಗೆ ಒಣಗಿ ಹಳದಿಯಾಗುವ ಹುಲ್ಲು. ಗಾಲಿಕುರ್ಚಿ ಇಳಿಜಾರಿನಲ್ಲಿ ಜಾರದಂತೆ ಶ್ರೀಕಂಠ ಹಿಂದಿನಿಂದ ಹಿಡಿದರು. ಈರವ್ವ ಸುತ್ತ ನೋಡಿ, ದೂರದ ಫ್ರೀವೇ ನೋಡಿ, ಸದ್ದು ಕೇಳುತ್ತದೋ ಎಂದು ಕೇಳಿದರು. ಇಲ್ಲ ಎಂದರು. "ಕೇಳಿಸಿದ್ರೂ ಏನ್ ಮಾಡೂದೈತಿ, ಎದ್ದು ಹೋಗಾಕ ಬರೂದಿಲ್ಲಲ್ಲ" ಎಂದು ತಾವೇ ನಕ್ಕರು. ಸಿಲ್ವೇರಾ ಯಾಕೆ ನಗು ಎಂದು ಕೇಳಿದಾಗ ಐಶ್ವರ್ಯಾ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಟೊಪ್ಪಿಗೆ ತೆಗೆದು ನಕ್ಕರು. ಕುಣಿಯ ಆಳಕ್ಕೆ ಬೇಕೆಂದು ಕೂತ ಎತ್ತರವನ್ನು ಚನ್ನಬಸವ್ವ ಟೇಪು ಹಿಡಿದು ಅಳೆದರು. ಆ ದಿನದ ಮೇಲೆ ಈರವ್ವ ಚೆನ್ನಾಗಿ ನಿದ್ದೆ ಮಾಡತೊಡಗಿದರು. ಇದನ್ನು ಮನೆಯವರೆಲ್ಲರೂ ಗಮನಿಸಿದ್ದರು.

ಜೂನ್ ಎರಡನೆಯ ವಾರ ಮಣ್ಣಿನ ಚೀಲಗಳ ಸರದಿ ಬಂತು. ಮೂಲೆಯ ಮಣ್ಣಿನ ಚೀಲವನ್ನು ಚನ್ನಬಸವ್ವ ಮೊದಲು ತೆಗೆದರು. ಕೂತವನು ಕೂತಲ್ಲೇ ಮಣ್ಣಾದರೆ ಅವನ ಸಣ್ಣ ಮೂಳೆಗಳೆಲ್ಲ, ಬೆರಳಿನವು, ಮಣಿಕಟ್ಟಿನವು, ಪಾದದವು, ಅವನ ಕೆಳಗೇ ಉದುರಿರಬೇಕು. ಮಣ್ಣು ಜರಡಿಯಲ್ಲಿ ಇಳಿಯಿತು. ಮೇಲೆ ಸುಣ್ಣದ ಹರಳು, ಒಂದು ಹಲ್ಲು, ದೀಪದ ಚೂರು ಉಳಿದವು. ಬೆರಳಿನ ಮೂಳೆ ಒಂದೂ ಇರಲಿಲ್ಲ.

ಅವರು ಜರಡಿ ಬದಲಿಸಿ, ಇನ್ನೂ ಸಣ್ಣ ಕಣ್ಣಿನದು ಹಿಡಿದರು. ಇರಲಿಲ್ಲ.

ಮರುದಿನ ಗೋರಿಯ ಪೂರ್ವ ತುದಿಯ ಚೀಲ. ಮೂಲೆಯಿಂದ ಅದು ಒಂದಾಳುದ್ದ ದೂರ. ಅದರಲ್ಲಿ ಪಾದದ ಮೂಳೆಗಳು ಬೇಕಾದಷ್ಟಿದ್ದವು, ಹಲವರವು. ಅವುಗಳಲ್ಲಿ ಬಲ ಹರಡಿನದೊಂದು ಸವೆದು, ಅಂಚಿಗೆ ಮೂಳೆ ಬೆಳೆದು, ವಿಕಾರವಾಗಿತ್ತು. ಚನ್ನಬಸವ್ವ ಅದನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ ಮೂಲೆಯವನ ಪೆಟ್ಟಿಗೆಯಿಂದ ಬಲ ಮೊಣಕಾಲ ಕೆಳಗಿನ ಮೂಳೆ ತೆಗೆದು, ಅದರ ತುದಿಗೆ ಇದನ್ನು ಇಟ್ಟರು. ಸವೆದ ಜಾಗಕ್ಕೆ ಸವೆದ ಜಾಗ ಕೂತಿತು. ಬೆಳೆದ ಅಂಚಿಗೆ ಬೆಳೆದ ಅಂಚು. ತಿರುಗಿಸಿ ನೋಡಿದರು, ಬೇರೆಯವರ ಮೂಳೆಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಇನ್ನಾವುದೂ ಕೂರಲಿಲ್ಲ.

ಅರ್ಥ ಒಂದೇ. ಅವನನ್ನು ಎಲ್ಲರ ಹಾಗೆ ಉದ್ದಕ್ಕೆ ಮಲಗಿಸಿದ್ದರು, ತಲೆ ಪಶ್ಚಿಮಕ್ಕೆ, ಪಾದ ಪೂರ್ವಕ್ಕೆ. ಮೈ ಮಣ್ಣಾದ ಎಷ್ಟೋ ವರ್ಷದ ಮೇಲೆ ಇನ್ನೊಬ್ಬ ತೀರಿಕೊಂಡ. ಗೋರಿಯಲ್ಲಿ ಜಾಗ ಬೇಕಾಯಿತು. ಯಾರೋ ಒಳಗಿಳಿದು ಅವನ ದೊಡ್ಡ ಮೂಳೆಗಳನ್ನು ಎತ್ತಿ ಮೂಲೆಗೆ ಸೇರಿಸಿ, ಮೇಲೆ ಬುರುಡೆ ಇಟ್ಟರು. ಸಣ್ಣವು ಕತ್ತಲಲ್ಲಿ ಕಾಣದೆ ಬಿದ್ದಲ್ಲೇ ಉಳಿದವು. ಮೂಳೆ ಕೂಡುವ ಕ್ರಮ ಬಲ್ಲ ಬೇರೆ ಯಾರೇ ಆಗಿದ್ದರೂ ಆ ನಕ್ಷೆಯನ್ನು ನೋಡಿ ಮೊದಲು ಸರಿಸಿಟ್ಟ ರಾಶಿ ಎಂದೇ ಅಂದುಕೊಳ್ಳುತ್ತಿದ್ದರು. ಚನ್ನಬಸವ್ವನವರಿಗೆ ಮಾತ್ರ ಅದು ಕೂತಂತೆ ಕಂಡಿತ್ತು.

ರೂತ್‌ಗೆ ತೋರಿಸಿದಾಗ ಅವರು ಜೋಡಣೆಯನ್ನು ಪರೀಕ್ಷಿಸಿ ತಲೆಯಾಡಿಸಿದರು. ವರದಿಯಲ್ಲಿ ತಿದ್ದಿದರಾಯಿತು, ಇದಕ್ಕೇ ಚೀಲ ತೆರೆಯುವುದು ಎಂದರು. ಸ್ಮಶಾನದ ವಿಷಯ ಅವರಿಗೆ ಗೊತ್ತಿತ್ತು. ಸ್ವಲ್ಪ ತಡೆದು, ಆ ಪತ್ರ ಲ್ಯಾಬಿನ ದಾಖಲೆಯಲ್ಲ, ಜುಲೈ ಕೊನೆವರೆಗೆ ಅಧ್ಯಯನ ಮುಗಿದಿಲ್ಲ ಎನ್ನುವುದೂ ಸುಳ್ಳಲ್ಲ ಎಂದರು. ತಮ್ಮ ತಾಯಿಯನ್ನು ಮಣ್ಣು ಮಾಡಿ ಎರಡು ವರ್ಷವಾಗಿದ್ದ ಹೆಂಗಸು ಅವರು.

ಚನ್ನಬಸವ್ವ ಒಂದು ವಾರ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರ ಫೋನು ಬಂತು. ಪೆಟ್ಟಿಗೆಗಳು ಹೋಗುವ ಮೊದಲು ಆ ಕೂತ ಸನ್ಯಾಸಿಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು. ತಮ್ಮ ಚರ್ಚಿನಲ್ಲಿ ಅವನ ಬಗ್ಗೆ ಹೇಳಿದ್ದರಂತೆ. ಹೆಂಡತಿ ಹೋದ ಮೇಲೆ ತಮ್ಮ ಅಂತ್ಯದ ಬಗ್ಗೆಯೂ ಯೋಚಿಸುತ್ತಿದ್ದೇನೆ ಎಂದರು. ಚನ್ನಬಸವ್ವ ದಿನ ಗೊತ್ತುಮಾಡಿ ಫೋನಿಟ್ಟರು. ಆ ಸಂಜೆ ತಾಯಿಯ ಕುರ್ಚಿಯ ಎದುರು ಸ್ಟೂಲು ಎಳೆದುಕೊಂಡು ಕೂತರು.

"ಅವ್ವಾ, ಮಠದಾಂವ ಕುಂತಿರಲಿಲ್ಲ."

ಈರವ್ವ ಟಿವಿ ಆರಿಸಿದರು. "ಮತ್ತ?"

"ಮಲಗಿಸಿದ್ರು. ಆಮ್ಯಾಲ ಇನ್ನೊಬ್ಬಾಂವ ತೀರಿಕೊಂಡಾಗ ಇವನ ಎಲವು ಮೂಲಿಗೆ ಸರಿಸಿ ಜಾಗಾ ಮಾಡ್ಯಾರ. ನಾ ಅದನ್ನ ಕುಂತಾನ ಅಂತ ತಿಳಕೊಂಡೆ."

"ಸರಿಸೂ ಮುಂದ ಕಾಲಿಲೆ ಸರಿಸ್ಯಾರೋ, ಕೈಲೆ ಸರಿಸ್ಯಾರೋ?"

"ಕೈಲೆ. ಬುರುಡಿ ಮ್ಯಾಲ ಇಟ್ಟಾರ, ಜ್ವಾಕಿಲೆ."

"ಅಷ್ಟರ ತಿಳವಳಿಕಿ ಇತ್ತಲ್ಲ." ಈರವ್ವ ಊದಿದ ಪಾದಗಳನ್ನು ನೋಡಿಕೊಂಡರು. "ಇದು ಆ ಗುಡ್ಡದ ಮಂದಿಗೆ ಗೊತ್ತೈತೇನು?"

"ಇಲ್ಲ."

"ನಾ ಸತ್ತ ಮ್ಯಾಲ ಹೇಳು."

ಅಧ್ಯಕ್ಷರು ನೋಡಲು ಬರುತ್ತಿದ್ದಾರೆ ಎಂದು ಚನ್ನಬಸವ್ವ ಹೇಳಿದರು. ಬರಲಿ, ಮುದುಕ, ಕಣ್ಣು ಮಂಜಿರುತ್ತದೆ ಎಂದರು ಈರವ್ವ. ಚನ್ನಬಸವ್ವ ನಗಲಿಲ್ಲ.

"ಕುಂತಾನ ಅಂತ ನನ್ನ ಕೈಲೆ ತೋರಸಬೇಕಲ್ಲ ಅವ್ವಾ."

ಮಗಳು ಎದ್ದು ಅಡುಗೆಮನೆಗೆ ಹೊರಟಾಗ ಹಿಂದಿನಿಂದ ತಾಯಿಯ ಮಾತು ಬಂತು. ಸಿಟ್ಟಿರಲಿಲ್ಲ ಅದರಲ್ಲಿ, ಲೆಕ್ಕ ಹೇಳುವ ದನಿ. "ನಿಮ್ಮಪ್ಪನ್ನ ಕೂಡಿಸಿದ್ವಿ. ನಿಮ್ಮಜ್ಜನ್ನ ಕೂಡಿಸಿದ್ವಿ. ನಾ ಒಬ್ಬಾಕೀನ ಮಲಕೋಬೇಕು."

ಅಧ್ಯಕ್ಷರು ಲ್ಯಾಬಿಗೆ ಬಂದ ದಿನ ಚನ್ನಬಸವ್ವ ಎರಡೂ ಮೂಳೆಗಳನ್ನು ಅವರ ಮುಂದೆ ಜೋಡಿಸಿ ತೋರಿಸಿದರು. ಮುದುಕರ ಕಣ್ಣು ಮಂಜಾಗಿರಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಹೇಳಿದ್ದಕ್ಕೆ ಧನ್ಯವಾದ ಎಂದರು. ಆದರೆ ತಾವು ಮತ ಕೊಟ್ಟದ್ದು ಅದನ್ನು ನಂಬಿ, ಇನ್ನಿಬ್ಬರೂ ಹಾಗೆಯೇ. ಸಮಿತಿ ಮತ್ತೆ ಸೇರಲೇಬೇಕು ಎಂದರು.

ಜುಲೈನಲ್ಲಿ ಸೇರಿತು. ಚನ್ನಬಸವ್ವನವರನ್ನು ಕೇದಾರ ಕರೆದೊಯ್ದ. ಮೊದಲೂ ವಿರೋಧಿಸಿದ್ದ ಇಬ್ಬರು ಜೇಡಿಮಣ್ಣಿನ ಮಾತೆತ್ತಿದರು: ಅಷ್ಟು ಆಳ ತೋಡಿದರೆ ಬದಿ ಕುಸಿಯುತ್ತದೆ, ಇಳಿದವರ ಜೀವಕ್ಕೆ ಅಪಾಯ, ನಾಳೆ ಇನ್ನೊಬ್ಬರು ಇನ್ನೊಂದು ಕೇಳುತ್ತಾರೆ. ಮಾರ್ಚಿನಲ್ಲೂ ಮಣ್ಣು ಅದೇ ಇತ್ತು, ಆಗ ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಎರಡು ಮತ ಪರ, ಮೂರು ವಿರೋಧ. ಅದೇ ಜಾಗವನ್ನು ಮಲಗಿಸಿ ಬಳಸಲು ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಅಧ್ಯಕ್ಷರು ಪರ ಮತ ಕೊ‌ಟ್ಟಿದ್ದರೆಂದು ಸಿಲ್ವೇರಾ ಆಮೇಲೆ ಹೇಳಿದರು. ಅವರ ಹಿಂದೆ ಕೈ ಎತ್ತಿದ್ದ ಇಬ್ಬರಲ್ಲಿ ಒಬ್ಬರು ಮಾತ್ರ ಜೊತೆಗೆ ಉಳಿದರು.

ಮನೆಯಲ್ಲಿ ಫಲಿತಾಂಶ ಹೇಳಿದಾಗ ಈರವ್ವ ಆಯ್ತು ಎಂದಷ್ಟೇ ಅಂದರು. ಜುಲೈ ಕೊನೆಗೆ ಪೆಟ್ಟಿಗೆಗಳು ಹೊರಟವು. ಹರಡಿನ ಮೂಳೆಯನ್ನು ಚನ್ನಬಸವ್ವ ಅದರ ಒಡೆಯನ ಪೆಟ್ಟಿಗೆಯಲ್ಲಿಟ್ಟು ಹತ್ತಿ ಒತ್ತಿದರು. ಅವನ ಪಾದ ಅವನನ್ನು ಸೇರಿತು. ಆ ಸಂಜೆ ಇದನ್ನು ಹೇಳಬೇಕೆಂದು ಮನೆಗೆ ಬಂದರು. ಆದರೆ ಈರವ್ವ ಮಠದ ಸುದ್ದಿ ಕೇಳಲಿಲ್ಲ. ಮತ್ತೆ ಎಂದೂ ಕೇಳಲಿಲ್ಲ. ನಿದ್ದೆಯೂ ಹೋಯಿತು, ದಿಂಬು ಏರಿಸಿ ಒರಗಿಸಿದರೆ ಮಾತ್ರ ಉಸಿರಾಡಲು ಆಗುತ್ತಿತ್ತು.

ಆಗಸ್ಟ್ ಮಧ್ಯದಲ್ಲಿ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ತೀರಿಕೊಂಡರು. ಕೊನೆಗಾಲದ ಆರೈಕೆಗೆ ಬರುತ್ತಿದ್ದ ಹಾಸ್ಪಿಸ್‌ನ ನರ್ಸು ಬಂದು ಸಾವಿನ ಹೊತ್ತು ಬರೆದುಕೊಂಡು ಹೋದರು. ಕೊಂಡೊಯ್ಯುವವರು ಬರಲು ಇನ್ನೂ ಎರಡು ತಾಸು ಇತ್ತು. ಕೇದಾರ ಏನೂ ಕೇಳದೆ ತಾಯಿಯನ್ನು ಎತ್ತಿ ನಡುಮನೆಯ ಗೋಡೆಗೆ ಕೂಡಿಸಿದ. ಕಾಲು ಮಡಚಿ, ಬೆನ್ನಿಗೆ ದಿಂಬು ಕೊಟ್ಟು, ಸೀರೆಯ ಪಟ್ಟಿಯಿಂದ ಕಿಟಕಿಯ ಕಂಬಿಗೆ ಕಟ್ಟಿದ. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಫ್ರೀಮಾಂಟ್‌ನಿಂದ ಬಂದ ಅಯ್ಯನವರು ಮಂತ್ರ ಹೇಳಿದರು. ಆ ಎರಡು ತಾಸು ಈರವ್ವ ಕೂತಿದ್ದರು.

ಆಮೇಲೆ ವ್ಯಾನು ಬಂತು. ಇಬ್ಬರು ತರುಣರು ಸ್ಟ್ರೆಚರು ತಂದು, ನೋಡಿ, ಬಾಗಿಲಲ್ಲೇ ನಿಂತರು. ಮೈ ಸೆಟೆಯಲು ಶುರುವಾಗಿತ್ತು. ಕಾಲು ನೀಡಬೇಕಾಗುತ್ತದೆ, ನಾವು ಮಾಡಬಹುದೇ ಎಂದು ಒಬ್ಬ ತಗ್ಗಿದ ದನಿಯಲ್ಲಿ ಕೇಳಿದ. ಚನ್ನಬಸವ್ವ ಬೇಡ ಎಂದರು. ತಾವೇ ಮಂಡಿಯೂರಿ, ಒಂದು ಕೈಯನ್ನು ಮೊಣಕಾಲಿನ ಕೆಳಗೂ ಒಂದನ್ನು ಹರಡಿನ ಮೇಲೂ ಇಟ್ಟು, ಯಾವ ಕೀಲು ಎಷ್ಟು ಬಾಗುತ್ತದೆ ಎಂದು ಬಲ್ಲವರಂತೆ, ಮೆಲ್ಲಗೆ ಒತ್ತಿದರು. ಉಸಿರು ಹಿಡಿದಿದ್ದರು. ಎಡಗಾಲು ಬಂತು. ಬಲಗಾಲಿಗೆ ಹೊತ್ತು ಹಿಡಿಯಿತು. ಕೇದಾರ ಹಿತ್ತಲಿಗೆ ಹೋಗಿ ನಿಂತಿದ್ದ.

ಮರುದಿನ ಗುಡ್ಡದಲ್ಲಿ ಮಣ್ಣು ಕೊಟ್ಟರು, ಮಲಗಿಸಿ. ಹುಲ್ಲೆಲ್ಲ ಒಣಗಿತ್ತು. ಕೂಡಿಸಲು ಎಷ್ಟು ಆಳ ಬೇಕಿತ್ತೋ ಕುಣಿ ಹೆಚ್ಚೂ ಕಡಿಮೆ ಅಷ್ಟೇ ಇತ್ತು, ಬದಿ ಗಟ್ಟಿಯಾಗಿ ನಿಂತಿತ್ತು, ಎಲ್ಲೂ ಕುಸಿಯಲಿಲ್ಲ. ಸಿಲ್ವೇರಾ ಅದನ್ನು ನೋಡಿದರು, ಚನ್ನಬಸವ್ವನವರೂ ನೋಡಿದರು.

ತೀರಿಕೊಂಡವರ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ಡಬ್ಲಿನ್ ಮನೆಯಲ್ಲಿ ಜನ ತುಂಬಿದ್ದರು. ಊಟ ಮುಗಿದ ಮೇಲೆ ಯಾರೋ ಹಿರಿಯರು, ಕೂಡಿಸಲು ಒಪ್ಪಿಗೆ ಸಿಕ್ಕಿತ್ತು ಎಂದು ಕೇಳಿದ್ದೆವಲ್ಲ ಎಂದು ಕೇದಾರನನ್ನು ಕೇಳಿದರು. ಚನ್ನಬಸವ್ವ ಅಲ್ಲೇ ಎಲೆ ತೆಗೆಯುತ್ತಿದ್ದರು. ಅವನು ದನಿ ಇಳಿಸಲಿಲ್ಲ. ಜುಲೈ ಸಭೆಗೆ ಹೋಗುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ತಾನು ಅಕ್ಕನನ್ನು ಬೇಡಿಕೊಂಡದ್ದನ್ನು ಹೇಳಿದ. ಸುಳ್ಳು ಹೇಳು ಅನ್ನಲಿಲ್ಲ, ಇನ್ನೂ ಖಚಿತವಾಗಿಲ್ಲ ಅನ್ನು ಸಾಕು ಎಂದಿದ್ದ. ಅಧ್ಯಕ್ಷರೂ ಹೇಗಾದರೂ ಮಾಡಿ ಕೊಡಬೇಕು ಎಂದೇ ಇದ್ದರಂತೆ. ವಾದವೆಲ್ಲ ಮುಗಿದು ಮತಕ್ಕೆ ಹಾಕುವ ಮೊದಲು, ಇವರಿಗೆ ಒಂದು ದಾರಿ ಬಿಟ್ಟುಕೊಡುವವರ ಹಾಗೆ, ಮೆಲ್ಲಗೆ ಕೇಳಿದ್ದರಂತೆ: ಆ ಮೂಲೆಯವನ ವಿಷಯ ಬಿಡಿ, ಗೋರಿಯಲ್ಲಿ ಇನ್ನೂ ಹತ್ತು ಜನ ಇದ್ದಾರಲ್ಲ, ಎಲ್ಲ ಸೇರಿ ಕೂತಿರಬಹುದಾದವರು ಎಷ್ಟು, ಅಂದಾಜಿಗೆ ಹೇಳಿ ಸಾಕು.

"ಒಂದೋ ಎರಡೋ ಇರಬಹುದು ಅಂದಿದ್ರ ಅವ್ವ ಇವತ್ತ ಕುಂತಿರತಿದ್ಲು," ಎಂದ ಕೇದಾರ. "ಅಕ್ಕ ಎದ್ದು ನಿಂತು, ಆ ಮನಷ್ಯಾನ ಮುಖಾ ನೋಡಿ ಹೇಳಿದ್ಲು. ಸೊನ್ನಿ."